ಅನಿವಾರ್ಯತೆಯೂ ವಿಶ್ವಾಸವೂ: ಮಹಾಮಾರಿಯ ಕಾಲದಲ್ಲಿ ಬಡವರ ಕೈಸೇರಿದ ಯಂತ್ರ



ಹೊಸ ವಸ್ತುವೊಂದು ಮನುಷ್ಯನ ಮನೆಯನ್ನು ಪ್ರವೇಶಿಸುವುದು ಸಾಮಾನ್ಯವಾಗಿ ಮೂರು ಕಾರಣಗಳಿಂದ. ಆಸೆಪಟ್ಟು ತಂದುಕೊಂಡದ್ದು ಒಂದು, ನೆರೆಹೊರೆಯವರನ್ನು ನೋಡಿ ತಂದುಕೊಂಡದ್ದು ಇನ್ನೊಂದು, ಬೇರೆ ದಾರಿಯೇ ಇಲ್ಲದೆ ತಂದುಕೊಂಡದ್ದು ಮೂರನೆಯದು. ಮೂರೂ ಮನೆಗಳಲ್ಲಿ ವಸ್ತು ಒಂದೇ ಆಗಿರಬಹುದು, ಕೊಟ್ಟ ಬೆಲೆಯೂ ಒಂದೇ ಆಗಿರಬಹುದು. ಅದನ್ನು ಕೈಯಲ್ಲಿ ಹಿಡಿದವರ ಮನಸ್ಸು ಮಾತ್ರ ಒಂದೇ ಆಗಿರುವುದಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಮಹಾಮಾರಿಯ ಕಾರಣ ದೇಶದ ವ್ಯವಹಾರವೆಲ್ಲ ಸ್ತಬ್ಧವಾದಾಗ, ಸ್ಮಾರ್ಟ್‌ಫೋನ್ ಎಂಬ ಯಂತ್ರವು ಅಸಂಖ್ಯ ಬಡಕುಟುಂಬಗಳನ್ನು ಈ ಮೂರನೆಯ ಕಾರಣದಿಂದ ಪ್ರವೇಶಿಸಿತು.

ಇಂದು ಸಭೆ ಸಮಾರಂಭಗಳಲ್ಲಿ "ಬಡವರೂ ಡಿಜಿಟಲ್ ಯುಗಕ್ಕೆ ಬಂದರು" ಎಂದು ಹೆಮ್ಮೆಯಿಂದ ಹೇಳಲಾಗುತ್ತದೆ. ಬಂದದ್ದು ನಿಜ. ಆದರೆ ಅವರು ಒಪ್ಪಿ ಬಂದರೇ, ನೂಕಿಸಿಕೊಂಡು ಬಂದರೇ? ಅನಿವಾರ್ಯತೆಯಿಂದ ಆರಂಭವಾದ ಬಳಕೆಯನ್ನು ನಾವು ಒಪ್ಪಿಗೆ ಎಂದು ಎಣಿಸಬಹುದೇ? ಈ ಪ್ರಶ್ನೆಯನ್ನು ತಮ್ಮ ಮುಂದಿಡುವುದು ಈ ಕಿರುಲೇಖನದ ಉದ್ದೇಶ. ನಾನು ಮೆಟ್ರಿಕ್‌ವರೆಗೆ ಓದಿದ ಒಬ್ಬ ಸಾಮಾನ್ಯ ವ್ಯಾಪಾರಿ, ಪಾಂಡಿತ್ಯ ನನ್ನದಲ್ಲ. ಆದರೆ ನಾಲ್ಕು ದಶಕಗಳಿಂದ ಗಲ್ಲಾದ ಹಿಂದೆ ಕುಳಿತು ಹಮಾಲರು, ಬೀಡಿ ಕಟ್ಟುವ ತಾಯಂದಿರು, ಮಗ್ಗದ ಕಾರ್ಮಿಕರು, ಸಂತೆಯ ಕಾಯಿಪಲ್ಲೆಯವರು ಹೇಗೆ ಕೊಡುತ್ತಾರೆ, ಹೇಗೆ ಕೊಳ್ಳುತ್ತಾರೆ ಎಂಬುದನ್ನು ಕಂಡಿದ್ದೇನೆ. ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುವ ಈ ಸೊಲ್ಲಾಪುರ ಸೀಮೆಯ ಪೇಟೆಯೇ ನನ್ನ ಪಾಠಶಾಲೆ.

ಹಿಂದಿನ ಅಂಜಿಕೆ

ಮಹಾಮಾರಿಗೆ ಮೊದಲು ಬಡವರು ಈ ಯಂತ್ರಕ್ಕೆ ಅಂಜುತ್ತಿದ್ದರು. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ದಿನಕ್ಕೆ ಇನ್ನೂರು ರೂಪಾಯಿ ಗಳಿಸುವ ವ್ಯಕ್ತಿಗೆ ಒಂದು ತಪ್ಪು ಗುಂಡಿ ಒತ್ತಿದರೆ ಒಂದು ದಿನದ ಅನ್ನವೇ ಹೋಗುತ್ತದೆ. ನಮ್ಮಂಥವರಿಗೆ ಅದೇ ನಷ್ಟ ಕೀರ್ದಿಯಲ್ಲಿ ಒಂದು ಸಾಲು ಮಾತ್ರ. ನಷ್ಟವನ್ನು ತಡೆದುಕೊಳ್ಳುವ ಶಕ್ತಿ ಇಲ್ಲದವನು ಹೊಸದನ್ನು ಸಂಶಯದಿಂದ ನೋಡುವುದು ವಿವೇಕವೇ ಸರಿ. ಇದಲ್ಲದೆ ಕೈಯಲ್ಲಿರುವ ನೋಟನ್ನು ಅಕ್ಷರ ಬಾರದವರೂ ಎಣಿಸಬಲ್ಲರು. ಪರದೆಯ ಮೇಲಿನ ಅಂಕಿಯನ್ನು ನಂಬಲು ಓದು ಬೇಕು, ಇಲ್ಲವೇ ಓದಿ ಹೇಳುವವರು ಬೇಕು.

2016ರ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದಾಗಲೂ ಇಂಥದೇ ಒತ್ತಡ ಬಂದಿತ್ತು. ಅದೇ ವರ್ಷ ಆರಂಭಗೊಂಡಿದ್ದ ಯುಪಿಐ ಪದ್ಧತಿಯ ಹೆಸರು ಆಗಲೇ ಅನೇಕರ ಕಿವಿಗೆ ಬಿದ್ದಿತು. ಆದರೆ ಹೊಸ ನೋಟುಗಳು ಕೈಗೆ ಬಂದೊಡನೆ ನಮ್ಮ ಸಂತೆಗಳು ಮೊದಲಿನಂತೆಯೇ ರೋಕಡ ವ್ಯವಹಾರಕ್ಕೆ ಮರಳಿದವು. ಒತ್ತಡ ತೀರಿದ ಮೇಲೆ ಜನ ಹಳೆಯ ದಾರಿಗೆ ಹೋಗಲು ಸಾಧ್ಯವಿತ್ತು. ಮಹಾಮಾರಿಯ ಒತ್ತಡ ಬೇರೆ ಬಗೆಯದು. ಅದು ಮನುಷ್ಯನ ಸ್ಪರ್ಶವನ್ನೇ ಭಯದ ವಸ್ತುವನ್ನಾಗಿ ಮಾಡಿತು ಮತ್ತು ತಿಂಗಳುಗಟ್ಟಲೆ ಉಳಿಯಿತು.

ಪೇಟೆಯಲ್ಲಾದ ತಿರುವು

2020ರ ಮಾರ್ಚ್ 25ರಿಂದ ದೇಶವ್ಯಾಪಿ ದಿಗ್ಬಂಧನ ಜಾರಿಗೆ ಬಂದಿತು. ಏಪ್ರಿಲ್ ತಿಂಗಳಲ್ಲಿ ವ್ಯವಹಾರಗಳೇ ನಿಂತುಹೋದ ಕಾರಣ ಯುಪಿಐ ಪಾವತಿಗಳ ಸಂಖ್ಯೆಯೂ ಕುಸಿದು ನೂರು ಕೋಟಿಗಿಂತ ಸ್ವಲ್ಪ ಕೆಳಗಿಳಿಯಿತು. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ತಿಂಗಳಿಗೆ ಇನ್ನೂರು ಕೋಟಿಯನ್ನು ದಾಟಿತು. 2023ರ ಆಗಸ್ಟ್ ತಿಂಗಳಲ್ಲಿ ಸಾವಿರ ಕೋಟಿಯನ್ನೂ ದಾಟಿತು. ಈ ಅಂಕಿಗಳ ಹಿಂದೆ ಚಹದ ಅಂಗಡಿಯವರು, ಹೂವಿನವರು, ಚಪ್ಪಲಿ ಹೊಲಿಯುವವರು ಇದ್ದಾರೆ. 2020ರ ಜೂನ್‌ನಲ್ಲಿ ಬೀದಿಬದಿ ವ್ಯಾಪಾರಿಗಳಿಗಾಗಿ ಆರಂಭವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಮೊದಲ ಕಂತಿಗೆ 10,000 ರೂಪಾಯಿ ಸಾಲ ದೊರೆಯುತ್ತಿತ್ತು. ಡಿಜಿಟಲ್ ವ್ಯವಹಾರ ಮಾಡಿದವರಿಗೆ ತಿಂಗಳಿಗೆ 100 ರೂಪಾಯಿವರೆಗೆ ಪ್ರೋತ್ಸಾಹಧನವೂ ಇತ್ತು. ಮುಚ್ಚಿದ ಗಾಡಿಯನ್ನು ಮತ್ತೆ ಹೂಡಲು ಹೊರಟವನಿಗೆ ಬಂಡವಾಳ ಮತ್ತು ಕ್ಯೂಆರ್ ಕೋಡಿನ ಹಲಗೆ ಜೊತೆಜೊತೆಯಾಗಿ ಬಂದವು.

ನಾನು ಕಂಡಂತೆ ಈ ವ್ಯಾಪಾರಿಗಳ ಮನಸ್ಸನ್ನು ಬದಲಾಯಿಸಿದ್ದು ಫೋನಿಗಿಂತ ಹೆಚ್ಚಾಗಿ, ಹಣ ಬಂದುದನ್ನು ಗಟ್ಟಿಯಾಗಿ ಕೂಗಿ ಹೇಳುವ ಆ ಸಣ್ಣ ಪೆಟ್ಟಿಗೆ. ಅಕ್ಷರ ಬಾರದವರಿಗೆ ಅದು ಅವರ ಭಾಷೆಯಲ್ಲಿ ಸಾಕ್ಷಿ ನುಡಿಯಿತು. ಪರದೆಯನ್ನು ನಂಬದಿದ್ದವರು ಧ್ವನಿಯನ್ನು ನಂಬಿದರು. ಯಂತ್ರವು ಮನುಷ್ಯನ ಬಳಿಗೆ ಒಂದು ಹೆಜ್ಜೆ ಬಂದಾಗ ಮನುಷ್ಯನೂ ಅದರ ಬಳಿಗೆ ಹೋಗುತ್ತಾನೆ ಎಂಬುದಕ್ಕೆ ಇದೊಂದು ನಿದರ್ಶನ. ಚಿಲ್ಲರೆಯ ಜಗಳ ತಪ್ಪಿತು, ಕಳ್ಳರ ಭಯ ಕಡಿಮೆಯಾಯಿತು, ಬ್ಯಾಂಕಿನಲ್ಲಿ ವ್ಯವಹಾರದ ದಾಖಲೆ ನಿಂತು ಸಾಲ ಸಿಗುವ ದಾರಿಯೂ ತೆರೆಯಿತು. ಇವು ನಿಜವಾದ ಲಾಭಗಳು. ಇವನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆಯಾದೀತು.

ಆದರೂ ಒಂದು ಸಂಗತಿ ಗಮನಾರ್ಹ. ರಿಸರ್ವ್ ಬ್ಯಾಂಕಿನ ಲೆಕ್ಕದಂತೆ 2020–21ರಲ್ಲಿ ಚಲಾವಣೆಯಲ್ಲಿದ್ದ ನೋಟುಗಳ ಒಟ್ಟು ಮೌಲ್ಯವೂ ಸುಮಾರು ಶೇಕಡಾ 17ರಷ್ಟು ಹೆಚ್ಚಿತು. ಅಂದರೆ ಪಾವತಿಗೆ ಫೋನನ್ನು ಬಳಸಲು ಕಲಿತ ಕಾಲದಲ್ಲಿಯೇ ಜನರು ಆಪತ್ತಿಗೆಂದು ರೊಕ್ಕವನ್ನೂ ಮನೆಯಲ್ಲಿ ಕೂಡಿಡುತ್ತಿದ್ದರು. ಹೊಸ ದೋಣಿಯನ್ನು ಹತ್ತಿದವರು ಹಳೆಯ ದೋಣಿಯ ಹಗ್ಗವನ್ನು ಬಿಟ್ಟಿರಲಿಲ್ಲ. ಬಳಕೆ ಹೆಚ್ಚಿದೆ ಎಂಬುದರಿಂದಲೇ ವಿಶ್ವಾಸವೂ ಅಷ್ಟೇ ಹೆಚ್ಚಿದೆ ಎಂದು ತೀರ್ಮಾನಿಸುವುದು ಸಲ್ಲದೆಂಬುದಕ್ಕೆ ಈ ಒಂದು ಅಂಕಿ ಸಾಕು.

ಮಕ್ಕಳ ಪಾಠ, ತಾಯಿಯ ಸೆರಗು

ಶಾಲೆಗಳು ಮುಚ್ಚಿದಾಗ ಬಡತಂದೆತಾಯಿಗಳ ಮುಂದೆ ಆಯ್ಕೆಯೇ ಇರಲಿಲ್ಲ. ಫೋನು ಮಕ್ಕಳನ್ನು ಕೆಡಿಸುತ್ತದೆ ಎಂದು ಅದುವರೆಗೆ ಹೇಳುತ್ತಿದ್ದವರೇ ಸಾಲ ಮಾಡಿ ಫೋನು ಕೊಂಡರು. ಪ್ರಥಮ್ ಸಂಸ್ಥೆಯ 'ಅಸರ್' ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಶಾಲಾ ಮಕ್ಕಳಿರುವ ಮನೆಗಳ ಪೈಕಿ ಸ್ಮಾರ್ಟ್‌ಫೋನ್ ಇದ್ದವು 2018ರಲ್ಲಿ ಶೇಕಡಾ 36.5, 2020ರಲ್ಲಿ ಅದು 61.8ಕ್ಕೆ, 2021ರಲ್ಲಿ 67.6ಕ್ಕೆ ಏರಿತು. ಆದರೆ ಅದೇ 2021ರ ಸಮೀಕ್ಷೆ ಇನ್ನೊಂದು ಮಾತನ್ನೂ ಹೇಳುತ್ತದೆ. ಸ್ಮಾರ್ಟ್‌ಫೋನ್ ಇದ್ದ ಮನೆಗಳಲ್ಲಿಯೂ ಕಾಲುಭಾಗಕ್ಕಿಂತ ಹೆಚ್ಚು ಮಕ್ಕಳ ಕೈಗೆ ಅದು ಸಿಗುತ್ತಿರಲಿಲ್ಲ. ತಂದೆ ಕೆಲಸಕ್ಕೆ ಹೋದರೆ ಫೋನೂ ಅವನ ಜೇಬಿನಲ್ಲಿ ಹೋಗುತ್ತಿತ್ತು. ಮನೆಯಲ್ಲಿ ಇದೆ ಎಂದರೆ ಮನೆಯವರೆಲ್ಲರಿಗೂ ಇದೆ ಎಂದರ್ಥವಲ್ಲ.

ನಮ್ಮ ಸೊಲ್ಲಾಪುರದಲ್ಲಿಯೇ ಆಗ ನಡೆದ ಎರಡು ಸಂಗತಿಗಳು ಈ ವಿಷಯದಲ್ಲಿ ಬೆಳಕು ಚೆಲ್ಲುತ್ತವೆ. ಮೊದಲನೆಯದು ನೀಲಂನಗರದ್ದು. ಅಲ್ಲಿ ಬಹುಪಾಲು ಜವಳಿ ಕಾರ್ಮಿಕರ ವಸತಿ. ಅನೇಕ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇಲ್ಲವೆಂದು ಅರಿತ ಆಶಾ ಮರಾಠಿ ವಿದ್ಯಾಲಯದ ಶಿಕ್ಷಕರು 2020ರಲ್ಲಿ ಓಣಿಯ ಮನೆಗಳ ಗೋಡೆಗಳ ಮೇಲೆ ಪಾಠಗಳನ್ನು ಬಣ್ಣದಲ್ಲಿ ಬರೆಯಿಸಿದರು. ಅಕ್ಷರಗಳು, ಗಣಿತದ ಸೂತ್ರಗಳು, ವ್ಯಾಕರಣ, ವಿಜ್ಞಾನ ಎಲ್ಲವೂ ನೂರಾರು ಗೋಡೆಗಳ ಮೇಲೆ ಮೂಡಿದವು. ಮಕ್ಕಳು ದೂರದೂರ ನಿಂತು ಓದಿದರು. ಗೋಡೆಗೆ ಚಾರ್ಜು ಬೇಡ, ನೆಟ್‌ವರ್ಕ್ ಬೇಡ, ರೀಚಾರ್ಜ್ ಬೇಡ.

ಎರಡನೆಯದು ಮಾಢಾ ತಾಲೂಕಿನ ಪರಿತೇವಾಡಿಯದು. ಅಲ್ಲಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ಶ್ರೀ ರಣಜಿತಸಿಂಹ ಡಿಸಳೆಯವರಿಗೆ 2020ರ ಡಿಸೆಂಬರ್ 3ರಂದು ಜಾಗತಿಕ ಶಿಕ್ಷಕ ಪ್ರಶಸ್ತಿ ಘೋಷಣೆಯಾಯಿತು. ಪ್ರಶಸ್ತಿ ನೀಡಿದ ಸಂಸ್ಥೆಯು ಅವರನ್ನು ಪರಿಚಯಿಸುತ್ತ ಹೇಳಿದಂತೆ, ಪಠ್ಯಪುಸ್ತಕದ ಭಾಷೆ ಮಕ್ಕಳ ಮನೆಮಾತಲ್ಲವೆಂದು ಕಂಡು ಅವರು ಸ್ವತಃ ಕನ್ನಡ ಕಲಿತರು, ಪಠ್ಯವನ್ನು ಮಕ್ಕಳ ಭಾಷೆಗೆ ತಂದರು, ಅದರಲ್ಲಿ ಕ್ಯೂಆರ್ ಕೋಡುಗಳನ್ನು ಅಳವಡಿಸಿ ಪದ್ಯ, ಕಥೆ, ದೃಶ್ಯಪಾಠಗಳನ್ನು ಜೋಡಿಸಿದರು. ದೊರೆತ ಹತ್ತು ಲಕ್ಷ ಡಾಲರುಗಳಲ್ಲಿ ಅರ್ಧವನ್ನು ಅಂತಿಮ ಸುತ್ತಿನ ಇತರ ಒಂಬತ್ತು ಶಿಕ್ಷಕರಿಗೆ ಹಂಚಿದರು. ಮೊದಲು ಭಾಷೆ, ಆಮೇಲೆ ಕೋಡು ಎಂಬ ಈ ಅನುಕ್ರಮವನ್ನು ಗಮನಿಸಬೇಕು. ಗಡಿನಾಡಿನ ನಮಗಿಂತ ಹೆಚ್ಚಾಗಿ ಇದರ ಮರ್ಮವನ್ನು ಯಾರು ಬಲ್ಲರು? ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಯ ಮಗುವಿಗೆ ತನ್ನ ಭಾಷೆಯಲ್ಲಿ ಮಾತಾಡದ ಯಂತ್ರವು ಎಷ್ಟು ಬೆಲೆಬಾಳಿದರೂ ಮೂಕ ವಸ್ತುವೇ ಸರಿ.

ಇನ್ನು ಸ್ತ್ರೀಯರ ವಿಷಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಅಂತರ್ಜಾಲವನ್ನು ಒಮ್ಮೆಯಾದರೂ ಬಳಸಿದ ಪುರುಷರು ಶೇಕಡಾ 57, ಸ್ತ್ರೀಯರು ಶೇಕಡಾ 33. ಪೇಟೆಯಲ್ಲಿ ಇದರ ಅರ್ಥ ಹೀಗೆ ಕಾಣಿಸುತ್ತದೆ: ಕಾಯಿಪಲ್ಲೆ ಮಾರುವ ತಾಯಿಯ ಬುಟ್ಟಿಯ ಮುಂದೆ ಕ್ಯೂಆರ್ ಹಲಗೆ ಇದೆ, ಆದರೆ ಆ ಖಾತೆ ಮಗನದು ಅಥವಾ ಮೈದುನನದು. ಮೊದಲು ದಿನದ ಗಳಿಕೆ ಅವಳ ಸೆರಗಿನ ಗಂಟಿನಲ್ಲಿರುತ್ತಿತ್ತು. ಈಗ ಅದು ಇನ್ನೊಬ್ಬರ ಫೋನಿನಲ್ಲಿ ಬೀಳುತ್ತದೆ, ಬೇಕಾದಾಗ ಅವಳು ಕೇಳಿ ಪಡೆಯಬೇಕು. ಲೆಕ್ಕದ ದೃಷ್ಟಿಯಿಂದ ಆಕೆಯೂ 'ಡಿಜಿಟಲ್' ಆದಳು. ಧರ್ಮದ ದೃಷ್ಟಿಯಿಂದ ಅವಳ ಸ್ವಾತಂತ್ರ್ಯ ಒಂದು ಗೇಣು ಕಡಿಮೆಯಾಯಿತು. ಅಂಥವಳು ಗಿರಾಕಿಗೆ "ರೊಕ್ಕಾನೇ ಕೊಡ್ರಿ" ಎಂದರೆ ಅದನ್ನು ಹಿಂದುಳಿದ ಮನೋಭಾವವೆಂದು ನಾವು ನಗಬಾರದು.

ಬಾಗಿಲೋ, ಬೀಗವೋ

ನಮ್ಮಲ್ಲಿ ಅನೇಕರಿಗೆ ಆ ದಿನಗಳಲ್ಲಿ ಫೋನು ಪ್ರವಚನವನ್ನು ತಂದಿತು, ದೂರದ ಮಕ್ಕಳ ಮುಖವನ್ನು ತೋರಿಸಿತು, ದಶಲಕ್ಷಣ ಪರ್ವದಲ್ಲಿ ಮನೆಯಲ್ಲಿ ಕುಳಿತೇ ಮುನಿಗಳ ವಾಣಿಯನ್ನು ಕೇಳಿಸಿತು. ಬಡವರಿಗೆ ಅದೇ ಫೋನು ಬಹುಮಟ್ಟಿಗೆ ಅನುಮತಿಯ ಚೀಟಿಯಾಗಿ ಬಂದಿತು. ಅಫಜಲಪುರಕ್ಕೋ ಇಂಡಿಗೋ ಹೆಣ್ಣು ಕೊಟ್ಟು ತಂದವರು ನಾವು. ಆದರೆ 2020ರ ಆಗಸ್ಟ್‌ವರೆಗೆ ಕರ್ನಾಟಕವನ್ನು ಪ್ರವೇಶಿಸಬೇಕಾದರೆ 'ಸೇವಾ ಸಿಂಧು' ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕಾಗಿತ್ತು. ತಲೆತಲಾಂತರದಿಂದ ನಡೆದಾಡಿದ ದಾರಿಗೆ ಒಮ್ಮೆಲೇ ಒಂದು ಪರದೆ ಅಡ್ಡವಾಯಿತು. ಅದನ್ನು ದಾಟಲು ಬಲ್ಲವರು ದಾಟಿದರು; ಬಾರದವರು ಬಲ್ಲವರ ಕೈಕಾಲು ಹಿಡಿದರು.

ಲಸಿಕೆಯ ವಿಷಯದಲ್ಲಿ ಇದು ಇನ್ನೂ ತೀಕ್ಷ್ಣವಾಯಿತು. 2021ರ ಮೇ 1ರಿಂದ 18 ರಿಂದ 44 ವರ್ಷದವರಿಗೆ ಲಸಿಕೆ ತೆರೆದಾಗ ಮೊದಲು ಕೋವಿನ್ ಜಾಲತಾಣದಲ್ಲಿ ಸಮಯ ಕಾದಿರಿಸುವುದು ಕಡ್ಡಾಯವಾಗಿತ್ತು. ತ್ವರಿತಗತಿಯ ಅಂತರ್ಜಾಲ ಮತ್ತು ಚುರುಕು ಬೆರಳು ಇದ್ದವರಿಗೆ ಸ್ಥಳ ಸಿಕ್ಕಿತು. ನಗರದವರು ಹಳ್ಳಿಯ ಕೇಂದ್ರಗಳಲ್ಲಿ ಸಮಯ ಪಡೆದು ಕಾರಿನಲ್ಲಿ ಹೋಗಿ ಬಂದರೆ, ಆ ಹಳ್ಳಿಯ ಕೂಲಿಕಾರನು ತನ್ನೂರಿನ ಕೇಂದ್ರದ ಮುಂದೆಯೇ ಬರಿಗೈಯಲ್ಲಿ ನಿಂತಿದ್ದ ಪ್ರಸಂಗಗಳು ದೇಶದ ಅನೇಕ ಕಡೆ ನಡೆದವು. ಮೇ 24ರಂದು ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲಿಯೇ ನೋಂದಣಿಗೆ ಅವಕಾಶ ನೀಡಲಾಯಿತು. ಮೇ 31ರಂದು ಸರ್ವೋಚ್ಚ ನ್ಯಾಯಾಲಯವು, ಕೇವಲ ಜಾಲತಾಣವನ್ನೇ ಅವಲಂಬಿಸಿದ ಲಸಿಕಾ ನೀತಿಯಿಂದ ದುರ್ಬಲ ವರ್ಗಗಳು ಹೊರಗುಳಿಯುವವೆಂದು ಡಿಜಿಟಲ್ ಕಂದಕದತ್ತ ಬೊಟ್ಟು ಮಾಡಿತು. ಜೂನ್ 21ರಿಂದ ಜಾರಿಗೆ ಬಂದ ಹೊಸ ನೀತಿಯಲ್ಲಿ ನೇರವಾಗಿ ಕೇಂದ್ರಕ್ಕೆ ಹೋಗಿ ಲಸಿಕೆ ಪಡೆಯುವ ದಾರಿ ಎಲ್ಲರಿಗೂ ತೆರೆಯಿತು.

ಇದಕ್ಕೆ ಪ್ರತಿಯಾಗಿ ಪಡಿತರದ ಉದಾಹರಣೆಯನ್ನು ನೋಡೋಣ. ಬೆರಳಚ್ಚಿನ ಯಂತ್ರದಿಂದ ಸೋಂಕು ಹರಡಬಹುದೆಂದು ಅನೇಕ ರಾಜ್ಯಗಳು ಆ ಕಾಲದಲ್ಲಿ ಬೆರಳಚ್ಚನ್ನು ತಾತ್ಕಾಲಿಕವಾಗಿ ಕೈಬಿಟ್ಟವು. ಸುಣ್ಣ, ಸಿಮೆಂಟು, ಬೀಡಿ ಎಲೆಗಳಲ್ಲಿ ಸವೆದ ಬೆರಳುಗಳ ಗುರುತನ್ನು ಯಂತ್ರವು ಎಷ್ಟೋ ಸಲ ಒಪ್ಪುತ್ತಿರಲಿಲ್ಲ. ದುಡಿದು ದುಡಿದು ಸವೆದ ಬೆರಳೇ ಅನ್ನಕ್ಕೆ ಅಡ್ಡಿಯಾಗುವ ವಿಪರ್ಯಾಸ ಕೆಲವು ತಿಂಗಳ ಮಟ್ಟಿಗೆ ತಪ್ಪಿತು. ಯಂತ್ರವಿಲ್ಲದೆಯೂ ಧಾನ್ಯ ಹಂಚಲು ಸಾಧ್ಯವಿದೆ ಎಂಬುದನ್ನು ಮಹಾಮಾರಿಯೇ ತೋರಿಸಿಕೊಟ್ಟಿತು. ಇನ್ನೊಂದು ದಾರಿ ಯಾವಾಗಲೂ ಇರುತ್ತದೆ; ಅದನ್ನು ತೆರೆದಿಡುವ ಮನಸ್ಸು ಇರಬೇಕು.

ಒಂದು ಆಕ್ಷೇಪ, ಅದಕ್ಕೆ ಸಮಾಧಾನ

ಇಲ್ಲಿ ಒಂದು ಆಕ್ಷೇಪ ಬರಬಹುದು. ಮಗುವಿಗೆ ಔಷಧಿಯನ್ನು ಬಲವಂತದಿಂದಲೇ ಕುಡಿಸುತ್ತೇವೆ. ಗುಣವಾದ ಮೇಲೆ ಮಗು ನಗುತ್ತದೆ. ಹಾಗೆಯೇ ಬಡವರು ಅನಿವಾರ್ಯತೆಯಿಂದ ಯಂತ್ರ ಹಿಡಿದರೂ ಇಂದು ಅದರಿಂದ ಸುಖವಾಗಿದ್ದಾರಲ್ಲ, ಫೋನು ಬಿಡಿ ಎಂದರೆ ಅವರೇ ಬಿಡುವರೇ? ಈ ಮಾತಿನಲ್ಲಿ ಸತ್ಯಾಂಶವಿದೆ. ಅನೇಕಾಂತ ದೃಷ್ಟಿಯುಳ್ಳ ನಾವು ಎದುರು ಪಕ್ಷದ ಸತ್ಯವನ್ನು ಒಪ್ಪಬೇಕು. ಒತ್ತಾಯದಿಂದ ಆರಂಭವಾದದ್ದು ಕಾಲಾಂತರದಲ್ಲಿ ಪ್ರೀತಿಯಾಗಬಹುದು. ಹೂವಿನವನಿಗೆ ಇಂದು ತನ್ನ ಹಲಗೆ ಬೇಕು.

ಆದರೆ ಔಷಧಿಯ ಉಪಮೆ ಪೂರ್ಣವಾಗಿ ಹೊಂದುವುದಿಲ್ಲ. ಮೊದಲನೆಯದಾಗಿ, ಬಡವರು ಮಕ್ಕಳಲ್ಲ. ತಮ್ಮ ಲಾಭನಷ್ಟವನ್ನು ನಮಗಿಂತ ಸೂಕ್ಷ್ಮವಾಗಿ ಬಲ್ಲ ಪ್ರೌಢರು. ಎರಡನೆಯದಾಗಿ, ತಾಯಿ ಔಷಧಿ ಕುಡಿಸಿ ಮಗುವಿನ ಪಕ್ಕದಲ್ಲಿಯೇ ಕುಳಿತಿರುತ್ತಾಳೆ. ಯಂತ್ರವನ್ನು ಕೈಗಿತ್ತವರು ಪಕ್ಕದಲ್ಲಿ ಕುಳಿತರೇ? ಹಣ ತಪ್ಪು ಖಾತೆಗೆ ಹೋದಾಗ, ವಂಚಕನ ಕರೆಗೆ ಒಟಿಪಿ ಹೇಳಿ ಕೂಡಿಟ್ಟದ್ದೆಲ್ಲ ಹೋದಾಗ, ಆ ವ್ಯಕ್ತಿ ಒಬ್ಬಂಟಿಯಾಗಿಯೇ ಅಳಬೇಕಾಗುತ್ತದೆ. ಮೂರನೆಯದಾಗಿ, ಬಿಡುವ ಸ್ವಾತಂತ್ರ್ಯವಿದ್ದೂ ಬಿಡದೆ ಇರುವುದು ಮಾತ್ರ ಒಪ್ಪಿಗೆ. ಬಿಟ್ಟರೆ ಪಾಠವಿಲ್ಲ, ಬಿಟ್ಟರೆ ಪಡಿತರವಿಲ್ಲ ಎಂಬಲ್ಲಿ ಬಿಡದಿರುವುದನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ಸುಳ್ಳು ಖತಾವಣಿ ಬರೆದಂತೆ.

ಹಾಗಾದರೆ ಈ ಕಾಲದಲ್ಲಿ ಅವರ ವಿಶ್ವಾಸ ಯಾರ ಮೇಲೆ ಬೆಳೆಯಿತು? ನನ್ನ ಅನುಭವದಂತೆ ಅದು ಯಂತ್ರಕ್ಕಿಂತ ಮುಂಚೆ, ಯಂತ್ರದ ಪಕ್ಕದಲ್ಲಿ ನಿಂತ ಮನುಷ್ಯನ ಮೇಲೆ ಬೆಳೆಯಿತು. 2020ರ ಏಪ್ರಿಲ್‌ನಿಂದ ಮೂರು ತಿಂಗಳು ಜನಧನ ಖಾತೆಯ ತಾಯಂದಿರಿಗೆ ತಲಾ 500 ರೂಪಾಯಿ ಬಂದಾಗ ಅವರು ಹುಡುಕಿದ್ದು ಸಣ್ಣ ಯಂತ್ರ ಹಿಡಿದು ಹಣ ಎಣಿಸಿ ಕೊಡುವ ಬ್ಯಾಂಕ್ ಮಿತ್ರನನ್ನು. ಓಣಿಯ ಓದಿದ ಹುಡುಗಿ ಲಸಿಕೆಗೆ ಹೆಸರು ಬರೆದುಕೊಟ್ಟಳು. ಶಿಕ್ಷಕಿಯೊಬ್ಬಳು ತನ್ನ ಫೋನನ್ನು ಕಟ್ಟೆಯ ಮೇಲಿಟ್ಟು ಐದು ಮಕ್ಕಳಿಗೆ ಪಾಠ ತೋರಿಸಿದಳು. ಅಂಥವರಿದ್ದ ಕಡೆ ಅಂಜಿಕೆ ಕರಗಿತು. ಅದೇ ಜಾಗದಲ್ಲಿ ಕಮಿಷನ್ ಕತ್ತರಿಸುವವನು ನಿಂತಿದ್ದ ಕಡೆ ಅಂಜಿಕೆ ಇಮ್ಮಡಿಯಾಯಿತು.

ನಮ್ಮ ಕರ್ತವ್ಯ

ಮಹಾಮಾರಿ ಕಳೆಯಿತು, 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿಯನ್ನು ಮುಕ್ತಾಯಗೊಳಿಸಿತು. ಆದರೆ ಅದು ಬಿಟ್ಟುಹೋದ ಪದ್ಧತಿಗಳು ನಮ್ಮ ಅಂಗಡಿಗಳಲ್ಲಿ, ಸಂಸ್ಥೆಗಳಲ್ಲಿ ಉಳಿದಿವೆ. ವ್ಯಾಪಾರಿ ಕುಟುಂಬಗಳೇ ಹೆಚ್ಚಾಗಿರುವ ನಮ್ಮ ಸಮಾಜಕ್ಕೆ ಇಲ್ಲಿ ಮಾಡಬಹುದಾದ ಕೆಲಸ ಬಹಳಿದೆ, ಮತ್ತು ಅದು ಖರ್ಚಿನ ಕೆಲಸವಲ್ಲ.

ಅಂಗಡಿಯಲ್ಲಿ ಫೋನಿನಿಂದ ಕೊಡುವವರಿಗೂ ನೋಟು ಕೊಡುವವರಿಗೂ ಒಂದೇ ಮರ್ಯಾದೆ ಇರಲಿ. "ಚಿಲ್ಲರೆ ಇಲ್ಲ, ಫೋನ್ ಮಾಡಿ" ಎಂದು ಮುದುಕರನ್ನು ಹಿಂದಿರುಗಿಸದಿರೋಣ. ಕೆಲಸದವರ ಪಗಾರವನ್ನು ಅವರು ಕೇಳಿದ ರೀತಿಯಲ್ಲಿ, ಹೆಣ್ಣುಮಕ್ಕಳ ಪಗಾರವನ್ನು ಅವರದೇ ಖಾತೆಗೆ ಕೊಡೋಣ. ಅವರ ಗುಪ್ತಸಂಖ್ಯೆಯನ್ನು ಸಹಾಯದ ನೆಪದಲ್ಲಿ ಕೇಳದಿರೋಣ. ಹೇಳಲು ಬಂದರೆ ಕಿವಿ ಮುಚ್ಚಿಕೊಂಡು, ಯಾರಿಗೂ ಹೇಳಬಾರದೆಂದು ತಿಳಿಸೋಣ. ಅಚೌರ್ಯ ವ್ರತವನ್ನು ಈ ಕಾಲಕ್ಕೆ ವಿಸ್ತರಿಸಿದರೆ ಅದು ಇನ್ನೊಬ್ಬರ ಗುಟ್ಟಿನ ಅಂಕಿಗೂ ಅನ್ವಯಿಸುತ್ತದೆ. ವಂಚನೆಯಾದರೆ ಒಡನೆಯೇ 1930 ಸಂಖ್ಯೆಗೆ ಕರೆ ಮಾಡಬೇಕೆಂಬುದನ್ನು ಅಂಗಡಿಯ ಮುಂದೆ ಕನ್ನಡ, ಮರಾಠಿ, ತೆಲುಗಿನಲ್ಲಿ ಬರೆದು ಹಾಕೋಣ. ನಮ್ಮ ಸಂಸ್ಥೆಗಳ ವಿದ್ಯಾರ್ಥಿವೇತನ, ವೈದ್ಯಕೀಯ ನೆರವುಗಳಿಗೆ ಕಾಗದದ ಅರ್ಜಿಯೂ ಸ್ವೀಕೃತವಾಗಲಿ. ಮನೆಯ ತರುಣರು ವಾರಕ್ಕೆ ಒಂದು ಗಂಟೆ ಓಣಿಯ ಕಟ್ಟೆಯ ಮೇಲೆ ಕುಳಿತು, ಕೇಳಿದವರಿಗೆ ಕೇಳಿದಷ್ಟನ್ನು ತಾಳ್ಮೆಯಿಂದ ಕಲಿಸಲಿ.

ನಾಲ್ಕು ದಾನಗಳಲ್ಲಿ ಅಭಯದಾನವನ್ನು ನಮ್ಮ ಹಿರಿಯರು ಮಹತ್ತಾಗಿ ಎಣಿಸಿದ್ದಾರೆ. ಅಂಜಿದವನ ಅಂಜಿಕೆಯನ್ನು ಗೇಲಿ ಮಾಡದೆ, ಅದರ ಕಾರಣವನ್ನು ಕೇಳಿ ತಿಳಿದು, ಅವನ ಪಕ್ಕದಲ್ಲಿ ನಿಲ್ಲುವುದು ಆ ದಾನದ ಇಂದಿನ ಒಂದು ರೂಪ. ಆಗ ಯಂತ್ರವನ್ನು ಹಿಡಿಯುವವನೂ, ಬೇಡವೆನ್ನುವವನೂ ಸಮಾನ ಗೌರವದಿಂದ ಬದುಕಬಲ್ಲನು. ಇಂಥ ವಿವೇಕವು ನಮ್ಮ ಪೇಟೆಗಳಲ್ಲಿ, ನಮ್ಮ ಮನೆಗಳಲ್ಲಿ ನೆಲೆಸಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.